ಮಂದ ಹರಿವಿಗೆ ಮಲ್ಟಿಗ್ರಿಡ್: ಬಿಡಿಬಿಡಿಯಾಗಿ ಪರೀಕ್ಷಿಸುತ್ತಾ ಕಟ್ಟುವ ಕ್ರಮ

"ಪಾಯ್ಸಾನ್ ಸಮೀಕರಣಕ್ಕೆ ಬರೆದ ಮಲ್ಟಿಗ್ರಿಡ್ ಸೊಗಸಾಗಿ ನಡೆಯಿತು. ಅದೇ ಕೋಡನ್ನು ಸ್ಟೋಕ್ಸ್ ಹರಿವಿಗೆ ಹಿಗ್ಗಿಸಿದೆ. ಶೇಷ ನಾಲ್ಕು ಸುತ್ತು ಇಳಿದು ಅಲ್ಲೇ ಕುಳಿತುಬಿಟ್ಟಿತು. ಏನು ಮಾಡಲಿ?"

ಈ ಪ್ರಶ್ನೆ ಬೇರೆ ಬೇರೆಯವರಿಂದ ಮತ್ತೆ ಮತ್ತೆ ಬರುತ್ತದೆ. ಮಲ್ಟಿಗ್ರಿಡ್ ಎಂದರೆ ಸೂಕ್ಷ್ಮ ಗ್ರಿಡ್ಡಿನಲ್ಲಿ ಉಳಿದ ದೋಷವನ್ನು ಒರಟು ಗ್ರಿಡ್ಡುಗಳಿಗೆ ಇಳಿಸಿ, ಅಲ್ಲಿ ಅಗ್ಗವಾಗಿ ತಿದ್ದಿ, ಮತ್ತೆ ಮೇಲೇರಿಸುವ ವಿಧಾನ; ಒಮ್ಮೆ ಇಳಿದು ಏರಿದರೆ ಒಂದು ಸುತ್ತು. ಸ್ಟೋಕ್ಸ್ ಹರಿವು ಎಂದರೆ ಜಡತ್ವ ಲೆಕ್ಕಕ್ಕೆ ಬಾರದಷ್ಟು ಮಂದವಾದ ಹರಿವು. ಶೇಷ ಎಂದರೆ ಈಗಿನ ಉತ್ತರವನ್ನು ಸಮೀಕರಣಕ್ಕೆ ಹಾಕಿದಾಗ ಉಳಿಯುವ ವ್ಯತ್ಯಾಸ. ಕೋಡ್ ತರಿಸಿ ನೋಡಿದರೆ ತಪ್ಪು ಮಲ್ಟಿಗ್ರಿಡ್ಡಿನ ತಿರುಳಿನಲ್ಲಿ ಇರುವುದೇ ಅಪರೂಪ. ಗೋಡೆಯ ಪಕ್ಕದ ಒಂದು ಸಾಲಿನಲ್ಲೋ, ಒತ್ತಡದ ಸರಾಸರಿಯಲ್ಲೋ, ನಾಲ್ಕರಿಂದ ಗುಣಿಸಬೇಕಾದ ಕಡೆ ಗುಣಿಸದೆ ಬಿಟ್ಟದ್ದರಲ್ಲೋ ಅಡಗಿರುತ್ತದೆ. ಅದು ಕೈಗೆ ಸಿಗದಿರಲು ಕಾರಣ ಒಂದೇ: ಎಲ್ಲ ಭಾಗಗಳನ್ನೂ ಬರೆದು ಮುಗಿಸಿ, ಆಮೇಲೆ ಒಮ್ಮೆಗೇ ಓಡಿಸಿರುತ್ತಾರೆ. ನಾನೂ ಹಾಗೆ ಮಾಡಿದವನೇ. ಒಂದು ಋಣಚಿಹ್ನೆಗಾಗಿ ಮೂರು ವಾರ ಕಳೆದಿದ್ದೇನೆ.

ಆದ್ದರಿಂದ ಇಲ್ಲಿ ಸಿದ್ಧಾಂತಕ್ಕಿಂತ ಕ್ರಮಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಪ್ರತಿ ಹಂತಕ್ಕೂ ಒಂದು ಪರೀಕ್ಷೆ ಇದೆ. ಅದು ಪಾಸಾಗದೆ ಮುಂದಿನ ಹಂತಕ್ಕೆ ಹೋಗಬೇಡಿ.

## ಯಾವ ಲೆಕ್ಕ, ಏನೇನು ಬೇಕು

ಜೋನಿಬೆಲ್ಲ ಡಬ್ಬಿಯಿಂದ ಇಳಿಯುವಾಗ, ಭೂಮಿಯ ಮ್ಯಾಂಟಲ್ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಸರಿಯುವಾಗ, ಜಡತ್ವವನ್ನು ಲೆಕ್ಕದಿಂದ ಬಿಡಬಹುದು. ಜಡತ್ವಕ್ಕೂ ಸ್ನಿಗ್ಧತೆಗೂ ಇರುವ ಅನುಪಾತವಾದ ರೆನಾಲ್ಡ್ಸ್ ಸಂಖ್ಯೆ 1ಕ್ಕಿಂತ ಬಹಳ ಕೆಳಗಿರುತ್ತದೆ. ಆಗ ಉಳಿಯುವುದು ಎರಡು ಸಮೀಕರಣಗಳು.

ಸಂವೇಗ: −ಸ್ನಿಗ್ಧತೆ × (ವೇಗದ ಲಾಪ್ಲಾಸಿಯನ್) + (ಒತ್ತಡದ ಗ್ರೇಡಿಯೆಂಟ್) = ಬಲ

ನಿರಂತರತೆ: ವೇಗದ ಡೈವರ್ಜೆನ್ಸ್ = 0 (ಅಂದರೆ ಯಾವ ಜಾಗಕ್ಕೂ ಒಳಬಂದಷ್ಟೇ ದ್ರವ ಹೊರಹೋಗಬೇಕು)

ಎರಡನೆಯದರಲ್ಲಿ ಒತ್ತಡವೇ ಇಲ್ಲ ಎನ್ನುವುದನ್ನು ಗಮನಿಸಿ. ಮಾತೃಕೆಯಲ್ಲಿ ಒತ್ತಡದ ಸಾಲಿನ ಕರ್ಣದ ಮೇಲೆ ಸೊನ್ನೆ ಕುಳಿತಿರುತ್ತದೆ. ಗೌಸ್–ಸೈಡಲ್ ವಿಧಾನ ಕರ್ಣದ ಅಂಕಿಯಿಂದ ಭಾಗಿಸುತ್ತದೆ; ಇಲ್ಲಿ ಭಾಗಿಸಲು ಏನೂ ಇಲ್ಲ. ಪಾಯ್ಸಾನ್ ಕೋಡನ್ನು ಹಾಗೆಯೇ ಹಿಗ್ಗಿಸಲು ಹೋದವರು ಮೊದಲು ಎಡವುವುದು ಇಲ್ಲಿ.

ಬೇಕಾದ ಸಲಕರಣೆ ಹೆಚ್ಚೇನಿಲ್ಲ. ಪೈಥಾನ್ ಸಾಕು, ಆದರೆ ಚೌಕದಿಂದ ಚೌಕಕ್ಕೆ ಹೋಗುವ ಲೂಪುಗಳಿಗೆ ಬರಿಯ ಪೈಥಾನ್ ತೀರಾ ನಿಧಾನ. ಲೂಪುಗಳನ್ನು ಚುರುಕುಗೊಳಿಸುವ ನಂಬಾ ಜೋಡಿಸಿಕೊಳ್ಳಿ, ಇಲ್ಲವೇ ಜೂಲಿಯಾ, ಸಿ ಪ್ಲಸ್ ಪ್ಲಸ್, ಫೋರ್ಟ್ರಾನ್ ಇವುಗಳಲ್ಲಿ ಒಂದನ್ನು ಹಿಡಿಯಿರಿ. ಪೈಥಾನಿನ ಸೈಪೈಯಲ್ಲಿರುವಂಥ, ವಿರಳ (ಬಹುಪಾಲು ಸೊನ್ನೆಗಳೇ ಇರುವ) ಮಾತೃಕೆಗಳ ನೇರ ಪರಿಹಾರಕ ಒಂದು ಬೇಕೇ ಬೇಕು. ಚಿತ್ರ ಬಿಡಿಸಲು ಮ್ಯಾಟ್‌ಪ್ಲಾಟ್‌ಲಿಬ್ ಸಾಕು. ಮೂರು ಆಯಾಮದ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ಎರಡು ಆಯಾಮದ ಚೌಕ ಪೆಟ್ಟಿಗೆ, ಒಂದೇ ಸಮನಾದ ಸ್ನಿಗ್ಧತೆ, ಸಮ ಅಳತೆಯ ಗ್ರಿಡ್: ಇದು ನಡೆಯದೆ ಬೇರೇನೂ ನಡೆಯದು.

ಪಾಯ್ಸಾನ್ ಸಮೀಕರಣಕ್ಕೆ ಮಲ್ಟಿಗ್ರಿಡ್ ಬರೆದು ಗೊತ್ತಿಲ್ಲದಿದ್ದರೆ ಮೊದಲು ಅದನ್ನು ಬರೆಯಿರಿ. ಎರಡು ದಿನದ ಕೆಲಸ. ಒಂದೊಂದು ಸುತ್ತಿಗೂ ಶೇಷ ಸುಮಾರು ಹತ್ತನೇ ಒಂದಕ್ಕೆ ಇಳಿಯುವುದನ್ನು ಕಣ್ಣಾರೆ ನೋಡಿದವರಿಗೆ ಮಾತ್ರ 0.6 ಎಂಬ ಅಂಕಿ ಕಂಡಾಗ ಅನುಮಾನ ಹುಟ್ಟುತ್ತದೆ.

## ಹಂತ 1: ಗ್ರಿಡ್ ಹಾಕುವುದು

ವೇಗವನ್ನೂ ಒತ್ತಡವನ್ನೂ ಒಂದೇ ಬಿಂದುವಿನಲ್ಲಿ ಇಡಬೇಡಿ. ಇಟ್ಟರೆ ಒತ್ತಡ ಚದುರಂಗದ ಹಾಸಿನಂತೆ ಒಂದು ಕಪ್ಪು ಒಂದು ಬಿಳಿಯಾಗಿ ಕುಣಿಯುತ್ತದೆ, ಮತ್ತು ಸಮೀಕರಣಗಳಿಗೆ ಅದು ಕಾಣುವುದೇ ಇಲ್ಲ. ಹಾರ್ಲೋ ಮತ್ತು ವೆಲ್ಚ್ 1965ರಲ್ಲಿ ಬಳಸಿದ ಮ್ಯಾಕ್ ಗ್ರಿಡ್ ಇದಕ್ಕೆ ಸರಳ ಮದ್ದು. ಒತ್ತಡ ಚೌಕದ ನಡುವೆ, ಅಡ್ಡ ವೇಗ ಚೌಕದ ಎಡ–ಬಲ ಬದಿಗಳ ನಡುವೆ, ಎತ್ತರ ವೇಗ ಮೇಲಿನ–ಕೆಳಗಿನ ಬದಿಗಳ ನಡುವೆ ಕೂರುತ್ತವೆ.

ಬದಿಗೆ 64 ಚೌಕಗಳಿದ್ದರೆ ಅಜ್ಞಾತಗಳನ್ನು ಎಣಿಸಿ: ಅಡ್ಡ ವೇಗ 63 × 64 = 4,032, ಎತ್ತರ ವೇಗವೂ ಅಷ್ಟೇ, ಒತ್ತಡ 4,096. ಒಟ್ಟು 12,160. ನಿಮ್ಮ ಕೋಡಿನಲ್ಲಿ ಈ ಅಂಕಿ ಬರದಿದ್ದರೆ ಗೋಡೆಯ ಮೇಲಿನ ವೇಗವನ್ನೂ ಅಜ್ಞಾತವೆಂದು ಹಿಡಿದಿದ್ದೀರಿ. ಗೋಡೆಯ ಮೇಲಿನ ವೇಗ ನಮಗೆ ಗೊತ್ತಿರುವುದು. ಅದಕ್ಕೆ ಸಮೀಕರಣವೂ ಇಲ್ಲ, ಶೇಷವೂ ಇಲ್ಲ.

ಬದಿಯ ಚೌಕಗಳ ಸಂಖ್ಯೆ ಎರಡರ ಘಾತವಾಗಿರಲಿ. 256 ಚೌಕಗಳನ್ನು ಅರ್ಧ ಅರ್ಧ ಮಾಡುತ್ತಾ 4ರವರೆಗೆ ಇಳಿಯಬಹುದು. 300 ಚೌಕಗಳು 75ಕ್ಕೆ ಬಂದು ನಿಲ್ಲುತ್ತವೆ. 75 ಚೌಕದ ಗ್ರಿಡ್ಡೇ ನಿಮ್ಮ ತಳವಾದರೆ ಅದನ್ನು ಪ್ರತಿ ಸುತ್ತಿನಲ್ಲೂ ನೇರವಾಗಿ ಬಿಡಿಸುತ್ತಾ ಕೂರಬೇಕಾಗುತ್ತದೆ.

ಗೋಡೆಗೆ ಸಮಾಂತರವಾದ ವೇಗ ಗೋಡೆಯ ಮೇಲೆ ಇಲ್ಲ, ಅರ್ಧ ಚೌಕ ಒಳಗಿದೆ. ಹಾಗಾಗಿ ಗೋಡೆಯಾಚೆ ಒಂದು ಹುಸಿ ಬಿಂದು ಕಲ್ಪಿಸುತ್ತೇವೆ. ಜಾರದ ಗೋಡೆಯಾದರೆ ಹುಸಿ ವೇಗ = 2 × ಗೋಡೆಯ ವೇಗ − ಒಳಗಿನ ವೇಗ. ಘರ್ಷಣೆಯಿಲ್ಲದೆ ಜಾರುವ ಗೋಡೆಯಾದರೆ ಹುಸಿ ವೇಗ = ಒಳಗಿನ ವೇಗ. ಇದರ ಫಲವಾಗಿ ಕರ್ಣದ ಅಂಕಿ ಬದಲಾಗುತ್ತದೆ. ನಡುವಿನ ಬಿಂದುಗಳಲ್ಲಿ ಅದು 4 × ಸ್ನಿಗ್ಧತೆ ÷ ಅಳತೆಯ ವರ್ಗ; ಅಳತೆ ಎಂದರೆ ಒಂದು ಚೌಕದ ಬದಿಯ ಉದ್ದ. ಜಾರದ ಗೋಡೆಯ ಪಕ್ಕ 4ರ ಬದಲು 5. ಜಾರುವ ಗೋಡೆಯ ಪಕ್ಕ 3. ಸ್ಮೂದರ್ (ದೋಷದ ತರಿಯನ್ನು ಉಜ್ಜಿ ನಯಗೊಳಿಸುವ ಭಾಗ, ಹಂತ 3) ಬರೆಯುವಾಗ ಎಲ್ಲ ಕಡೆ 4 ಎಂದು ಬರೆದುಬಿಡುವುದು ನಾನು ಕಂಡ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದು.

## ಹಂತ 2: ಮಲ್ಟಿಗ್ರಿಡ್ ಇಲ್ಲದೆ ಒಮ್ಮೆ ಬಿಡಿಸುವುದು

ಈ ಹಂತವನ್ನು ಬಹಳ ಜನ ಹಾರಿಸುತ್ತಾರೆ. ಹಾರಿಸಬೇಡಿ. ಇದೇ ಮುಂದಿನ ಎಲ್ಲಕ್ಕೂ ಅಳತೆಗೋಲು.

ಉತ್ತರ ಮೊದಲೇ ಗೊತ್ತಿರುವ ಲೆಕ್ಕವೊಂದನ್ನು ನಾವೇ ಹೊಸೆಯಬೇಕು. ಅ ಎಂದರೆ ಅಡ್ಡ ದೂರ, ಎ ಎಂದರೆ ಎತ್ತರ, ಎರಡೂ 0ಯಿಂದ 1ರವರೆಗೆ. ಹೀಗೆ ಹಿಡಿಯಿರಿ:

ಅಡ್ಡ ವೇಗ = ಅ²(1−ಅ)² (2ಎ − 6ಎ² + 4ಎ³)

ಎತ್ತರ ವೇಗ = −(2ಅ − 6ಅ² + 4ಅ³) ಎ²(1−ಎ)²

ಒತ್ತಡ = ಅ³ + ಎ³ − 1/2

ವೇಗ ನಾಲ್ಕೂ ಗೋಡೆಗಳ ಮೇಲೆ ಸೊನ್ನೆ, ಡೈವರ್ಜೆನ್ಸ್ ಎಲ್ಲೆಡೆ ಸೊನ್ನೆ, ಒತ್ತಡದ ಸರಾಸರಿಯೂ ಸೊನ್ನೆ. ಇವನ್ನು ಸಂವೇಗ ಸಮೀಕರಣಕ್ಕೆ ಹಾಕಿ ಬಲ ಎಷ್ಟಿರಬೇಕೆಂದು ಕಾಗದದ ಮೇಲೆ ಲೆಕ್ಕ ಮಾಡಿ. ಆ ಬಲವನ್ನು ಕೊಟ್ಟು ನೇರ ಪರಿಹಾರಕದಿಂದ 16, 32, 64 ಚೌಕಗಳ ಗ್ರಿಡ್ಡುಗಳಲ್ಲಿ ಬಿಡಿಸಿ. ಗ್ರಿಡ್ ಇಮ್ಮಡಿಯಾದಾಗಲೆಲ್ಲ ವೇಗದ ದೋಷ ನಾಲ್ಕನೇ ಒಂದಕ್ಕೆ ಇಳಿಯಬೇಕು. ಅರ್ಧಕ್ಕೆ ಮಾತ್ರ ಇಳಿದರೆ ಗೋಡೆಯ ಹುಸಿ ಬಿಂದುವನ್ನು ನೋಡಿ.

ನಾಲ್ಕೂ ಕಡೆ ಗೋಡೆಯಿರುವಾಗ ಒತ್ತಡಕ್ಕೆ ಯಾವ ಸ್ಥಿರಾಂಕ ಕೂಡಿಸಿದರೂ ಸಮೀಕರಣ ಒಪ್ಪುತ್ತದೆ. ಅಂದರೆ ಮಾತೃಕೆಗೆ ವಿಲೋಮವಿಲ್ಲ. ನೇರ ಪರಿಹಾರಕಕ್ಕೆ "ಒತ್ತಡಗಳ ಮೊತ್ತ ಸೊನ್ನೆ" ಎಂಬ ಒಂದು ಸಾಲು, ಒಂದು ಕಂಬ ಹೆಚ್ಚಿಗೆ ಸೇರಿಸಿ. ಒಂದು ಚೌಕದ ಒತ್ತಡವನ್ನು ಸೊನ್ನೆಗೆ ಕಟ್ಟಿಹಾಕುವ ಉಪಾಯ ಇಲ್ಲಿ ನಡೆಯುತ್ತದೆ, ಮಲ್ಟಿಗ್ರಿಡ್ಡಿನಲ್ಲಿ ನಡೆಯುವುದಿಲ್ಲ. ಕಟ್ಟಿಹಾಕಿದ ಆ ಒಂದು ಚೌಕದ ಸುತ್ತ ದೋಷ ಮೊನಚಾಗಿ ಉಳಿಯುತ್ತದೆ, ಒರಟು ಗ್ರಿಡ್ಡಿಗೆ ಅದು ಕಾಣುವುದಿಲ್ಲ. ಈಗಿನಿಂದಲೇ ಸರಾಸರಿ ಕಳೆಯುವ ಅಭ್ಯಾಸ ಮಾಡಿಕೊಳ್ಳಿ.

ಒಂದು ಎಚ್ಚರಿಕೆ. ಮೇಲಿನ ಮುಚ್ಚಳ ಸರಿಯುವ ಪೆಟ್ಟಿಗೆಯ ಲೆಕ್ಕವನ್ನು ಈ ಪರೀಕ್ಷೆಗೆ ಬಳಸಬೇಡಿ. ಮುಚ್ಚಳ ಗೋಡೆಗೆ ಸೇರುವ ಮೂಲೆಗಳಲ್ಲಿ ನಿಜವಾದ ಒತ್ತಡವೇ ಅನಂತಕ್ಕೆ ಹೋಗುತ್ತದೆ. ಗ್ರಿಡ್ ಸಣ್ಣದಾದಷ್ಟೂ ಅಲ್ಲಿನ ಒತ್ತಡ ಏರುತ್ತದೆ. ಅದು ಕೋಡಿನ ತಪ್ಪಲ್ಲ. ಆ ಲೆಕ್ಕ ಬೇರೊಂದು ಪರೀಕ್ಷೆಗೆ ಚೆನ್ನ. ಜಡತ್ವವಿಲ್ಲದ ಹರಿವು ಎಡ–ಬಲ ಕನ್ನಡಿಯಂತೆ ಇರಬೇಕು. ನಡುಗೆರೆಯ ಎರಡೂ ಪಕ್ಕ ಅಡ್ಡ ವೇಗ ಸಮ, ಒತ್ತಡ ವಿರುದ್ಧ ಚಿಹ್ನೆಯದು, ದೊಡ್ಡ ಸುಳಿಯ ಕೇಂದ್ರ ಸರಿಯಾಗಿ ನಡುಗೆರೆಯ ಮೇಲೆ, ತಳದಿಂದ ಸುಮಾರು 0.76 ಎತ್ತರದಲ್ಲಿ. ಸುಳಿ ಒಂದು ಪಕ್ಕಕ್ಕೆ ವಾಲಿದ್ದರೆ ಎಡಗೋಡೆಗೂ ಬಲಗೋಡೆಗೂ ನೀವು ಬರೆದ ಸಾಲುಗಳು ಒಂದೇ ಆಗಿಲ್ಲ ಎಂದರ್ಥ.

## ಹಂತ 3: ಸ್ಮೂದರ್

ಇಡೀ ಕೆಲಸದ ಕಷ್ಟ ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಒಂದೊಂದೇ ಅಜ್ಞಾತವನ್ನು ತಿದ್ದಲು ಆಗುವುದಿಲ್ಲವಾದ್ದರಿಂದ ಒಂದು ಚೌಕಕ್ಕೆ ಸೇರಿದ ಐದನ್ನೂ ಒಟ್ಟಿಗೆ ತಿದ್ದುತ್ತೇವೆ: ನಾಲ್ಕು ಬದಿಗಳ ನಾಲ್ಕು ವೇಗ, ನಡುವಿನ ಒಂದು ಒತ್ತಡ. 1986ರಲ್ಲಿ ಎಸ್. ಪಿ. ವಂಕಾ ಪ್ರಕಟಿಸಿದ ಈ ಉಪಾಯವನ್ನು ಇಂದಿಗೂ ವಂಕಾ ಸ್ಮೂದರ್ ಎಂದೇ ಕರೆಯುತ್ತಾರೆ. ಮೂರು ಆಯಾಮದಲ್ಲಿ ಐದರ ಬದಲು ಏಳು.

ಚೌಕವೊಂದಕ್ಕೆ ಬಂದಾಗ ಮಾಡಬೇಕಾದದ್ದು ಹೀಗೆ. ನಾಲ್ಕು ಬದಿಗಳ ಸಂವೇಗ ಶೇಷವನ್ನೂ ಚೌಕದ ನಿರಂತರತೆಯ ಶೇಷವನ್ನೂ ಆ ಕ್ಷಣದ ಹೊಸ ಬೆಲೆಗಳಿಂದ ಲೆಕ್ಕ ಹಾಕಿ. ಶೇಷ ಎಂದರೆ ಬಲಪಕ್ಕ ಕಳೆ ಎಡಪಕ್ಕ. ಗೋಡೆಯಿಂದ ದೂರದ ಚೌಕವಾದರೆ, ವೇಗಗಳ ಪರಸ್ಪರ ನಂಟನ್ನು ಬಿಟ್ಟರೆ, ಐದು ಸಮೀಕರಣಗಳು ಒಂದೇ ಸಾಲಿಗೆ ಇಳಿಯುತ್ತವೆ:

ಒತ್ತಡದ ತಿದ್ದುಪಡಿ = ಸ್ನಿಗ್ಧತೆ × ನಿರಂತರತೆಯ ಶೇಷ − (ಅಳತೆ ÷ 4) × (ಬಲ − ಎಡ + ಮೇಲೆ − ಕೆಳಗೆ)

ಆವರಣದಲ್ಲಿರುವುದು ನಾಲ್ಕು ಸಂವೇಗ ಶೇಷಗಳು. ನಂತರ ಬಲ ಮತ್ತು ಮೇಲಿನ ಬದಿಯ ವೇಗಗಳಿಗೆ (ಶೇಷ + ಒತ್ತಡದ ತಿದ್ದುಪಡಿ ÷ ಅಳತೆ) ÷ ಕರ್ಣ ಎಂಬುದನ್ನು ಕೂಡಿಸಿ. ಎಡ ಮತ್ತು ಕೆಳಗಿನ ಬದಿಗಳಿಗೆ (ಶೇಷ − ಒತ್ತಡದ ತಿದ್ದುಪಡಿ ÷ ಅಳತೆ) ÷ ಕರ್ಣ. ಚಿಹ್ನೆ ಸರಿಯಿದೆಯೇ ಎಂದು ಬಾಯಿಲೆಕ್ಕದಲ್ಲೇ ನೋಡಬಹುದು. ಚೌಕದಿಂದ ಹೊರಹರಿವು ಹೆಚ್ಚಾಗಿದ್ದರೆ ನಿರಂತರತೆಯ ಶೇಷ ಋಣವಾಗುತ್ತದೆ, ಒತ್ತಡ ತಗ್ಗುತ್ತದೆ, ದ್ರವ ಒಳಕ್ಕೆ ಸೆಳೆಯಲ್ಪಡುತ್ತದೆ. ಉಲ್ಟಾ ಆದರೆ ನನ್ನ ಮೂರು ವಾರದ ಋಣಚಿಹ್ನೆ ನಿಮಗೂ ಅಂಟಿಕೊಂಡಿದೆ.

ಗೋಡೆಯ ಪಕ್ಕದ ಚೌಕದಲ್ಲಿ ಗೋಡೆಯ ಮೇಲಿನ ವೇಗಕ್ಕೆ ತಿದ್ದುಪಡಿಯಿಲ್ಲ. ಉಳಿಯುವುದು ಮೂರು ಬದಿ, ಮೂಲೆಯಲ್ಲಿ ಎರಡೇ. ಮೇಲಿನ ಸೂತ್ರ ಆಗ ನಡೆಯದು. ಸಾಮಾನ್ಯ ರೂಪ ಬೇಕು. ಅಳತೆಯ ವರ್ಗ × ನಿರಂತರತೆಯ ಶೇಷದಿಂದ, ಅಳತೆ × (ಉಳಿದ ಬದಿಗಳ ಶೇಷ ÷ ಕರ್ಣ, ಚಿಹ್ನೆ ಸಮೇತ ಮೊತ್ತ) ಕಳೆಯಿರಿ. ಬಂದದ್ದನ್ನು, ಉಳಿದ ಬದಿಗಳ (1 ÷ ಕರ್ಣ) ಮೊತ್ತದಿಂದ ಭಾಗಿಸಿ. ನಾನಾದರೆ ಎಲ್ಲ ಚೌಕಕ್ಕೂ ಈ ಸಾಮಾನ್ಯ ರೂಪವನ್ನೇ ಬರೆಯುತ್ತೇನೆ. ವೇಗಕ್ಕಾಗಿ ನಡುವಿನ ಚೌಕಗಳಿಗೆ ಬೇರೆ ಸೂತ್ರ ಬರೆಯುವುದನ್ನು ಎಲ್ಲ ಮುಗಿದ ಮೇಲೆ ಯೋಚಿಸಬಹುದು.

ಪರೀಕ್ಷೆ ಎರಡು. ಮೊದಲನೆಯದು ಚಿಕ್ಕದು: ಡ್ಯಾಂಪಿಂಗ್ (ತಿದ್ದುಪಡಿಯನ್ನು 1ಕ್ಕಿಂತ ಚಿಕ್ಕ ಅಂಕಿಯಿಂದ ಗುಣಿಸಿ ತಗ್ಗಿಸುವುದು) ಇಲ್ಲದೆ ಒಂದು ಚೌಕವನ್ನು ತಿದ್ದಿ, ತಕ್ಷಣ ಆ ಚೌಕದ ಡೈವರ್ಜೆನ್ಸ್ ಮುದ್ರಿಸಿ. ಕಂಪ್ಯೂಟರಿನ ನಿಖರತೆಯ ಮಟ್ಟಿಗೆ ಸೊನ್ನೆ ಬರಬೇಕು. ನಡುವಿನ ಚೌಕ, ಬದಿಯ ಚೌಕ, ಮೂಲೆಯ ಚೌಕ ಮೂರರಲ್ಲೂ ನೋಡಿ. ಪಕ್ಕದ ಚೌಕ ತಿದ್ದಿದಾಗ ಇದು ಮತ್ತೆ ಕೆಡುತ್ತದೆ, ಅದು ಸಹಜ.

ಎರಡನೆಯದು: ಬಲವನ್ನು ಸೊನ್ನೆ ಮಾಡಿ, ವೇಗ ಮತ್ತು ಒತ್ತಡಕ್ಕೆ ಮನಬಂದ ಅಂಕಿಗಳನ್ನು ತುಂಬಿ ನಾಲ್ಕು ಬಾರಿ ಸ್ಮೂದರ್ ಓಡಿಸಿ. ಈಗ ನಿಮ್ಮ ಕೈಯಲ್ಲಿರುವುದೆಲ್ಲ ದೋಷವೇ. ಚಿತ್ರ ಬಿಡಿಸಿ. ದೋಷ ಚಿಕ್ಕದಾಗಿರಬೇಕಿಲ್ಲ, ನಯವಾಗಿರಬೇಕು. ಹೊಸಬರು ಇಲ್ಲಿ ಶೇಷದ ಅಂಕಿ ನೋಡಿ "ಕಡಿಮೆಯಾಗಲಿಲ್ಲ" ಎಂದು ಕೈಬಿಡುತ್ತಾರೆ. ಸ್ಮೂದರಿನ ಕೆಲಸ ದೊಡ್ಡ ಉಬ್ಬುತಗ್ಗನ್ನು ಅಳಿಸುವುದಲ್ಲ, ಮೇಲಿನ ತರಿತರಿಯನ್ನು ಉಜ್ಜಿ ತೆಗೆಯುವುದು. ಗೋಡೆಯುದ್ದಕ್ಕೆ ಮಾತ್ರ ತರಿ ಉಳಿದಿದ್ದರೆ ಕರ್ಣದ 5 ಮತ್ತು 4ರ ಕಥೆ ನೆನಪಿಸಿಕೊಳ್ಳಿ. ಎಲ್ಲೆಡೆ ಉಳಿದಿದ್ದರೆ ಅಥವಾ ಬೆಳೆಯುತ್ತಿದ್ದರೆ ತಿದ್ದುಪಡಿಗಳನ್ನು 0.7ರಿಂದ ಗುಣಿಸಿ ನೋಡಿ, ಸಾಮಾನ್ಯವಾಗಿ 0.5ರಿಂದ 0.8ರ ನಡುವೆ ಒಂದು ಒಳ್ಳೆಯ ಅಂಕಿ ಸಿಗುತ್ತದೆ.

ವಂಕಾ ಬಿಟ್ಟರೆ ಇನ್ನೊಂದು ದಾರಿಯಿದೆ, ಬ್ರಾಂಟ್ ಮತ್ತು ದಿನಾರ್ ಅವರ ಹಂಚಿಕೆಯ ವಿಧಾನ. ಮೊದಲು ವೇಗಗಳಿಗೆ ಸಾಧಾರಣ ಗೌಸ್–ಸೈಡಲ್. ಆಮೇಲೆ ಪ್ರತಿ ಚೌಕದ ಡೈವರ್ಜೆನ್ಸನ್ನು ನಾಲ್ಕು ಬದಿಗೆ ಹಂಚಿ ಸೊನ್ನೆ ಮಾಡುತ್ತಾ, ಚೌಕದ ಒತ್ತಡಕ್ಕೆ ಸ್ನಿಗ್ಧತೆ × ಶೇಷ ಕೂಡಿಸಿ, ನಾಲ್ಕು ನೆರೆಯ ಚೌಕಗಳಿಂದ ಅದರ ಕಾಲು ಕಾಲು ಭಾಗ ಕಳೆಯುತ್ತಾರೆ. ಸಂವೇಗ ಸಮೀಕರಣ ಕದಡದಂತೆ ಒತ್ತಡ ತಾನೇ ಹೊಂದಿಕೊಳ್ಳುತ್ತದೆ. ಅಗ್ಗ, ವೇಗ. ಆದರೆ ಗೋಡೆಯ ಪಕ್ಕ ಮತ್ತು ಸ್ನಿಗ್ಧತೆ ಬದಲಾಗುವ ಕಡೆ ಈ ಹೊಂದಾಣಿಕೆ ಮುರಿಯುತ್ತದೆ. ಮೊದಲ ಸಲ ಕಟ್ಟುವವರಿಗೆ ನಾನು ವಂಕಾವನ್ನೇ ಹೇಳುವುದು.

## ಹಂತ 4: ಇಳಿಸುವುದು, ಏರಿಸುವುದು

ಸೂಕ್ಷ್ಮ ಗ್ರಿಡ್ಡಿನ ಶೇಷವನ್ನು ಒರಟು ಗ್ರಿಡ್ಡಿಗೆ ಇಳಿಸಬೇಕು, ಅಲ್ಲಿನ ತಿದ್ದುಪಡಿಯನ್ನು ಮೇಲಕ್ಕೆ ಏರಿಸಬೇಕು. ಮ್ಯಾಕ್ ಗ್ರಿಡ್ಡಿನಲ್ಲಿ ಮೂರು ಅಜ್ಞಾತಗಳು ಮೂರು ಜಾಗದಲ್ಲಿ ಇರುವುದರಿಂದ ಮೂರಕ್ಕೂ ಬೇರೆ ಬೇರೆ ತೂಕ. ಪಾಯ್ಸಾನ್ ಕೋಡಿನ ಒಂಬತ್ತು ಬಿಂದುಗಳ ತೂಕವನ್ನು ಇಲ್ಲಿಗೆ ನಕಲು ಮಾಡಿದರೆ ಎಲ್ಲವೂ ಅರ್ಧ ಚೌಕ ಜರುಗುತ್ತದೆ, ಆದರೂ ಕೋಡ್ ಓಡುತ್ತದೆ! ಬರೀ ನಿಧಾನವಾಗುತ್ತದೆ. ಇಂಥ ತಪ್ಪು ಹುಡುಕುವುದೇ ಕಷ್ಟ.

ಅಡ್ಡ ವೇಗದ ಶೇಷ ಇಳಿಸುವಾಗ ಆರು ಬಿಂದುಗಳು ಬೇಕು. ಒರಟು ಬದಿಯ ಮೇಲೆಯೇ ಬೀಳುವ ಎರಡಕ್ಕೆ 2/8, 2/8; ಅವುಗಳ ಎಡಬಲಕ್ಕೆ ಇರುವ ನಾಲ್ಕಕ್ಕೆ 1/8ರಂತೆ. ಎತ್ತರ ವೇಗಕ್ಕೆ ಇದನ್ನೇ ತಿರುಗಿಸಿ ಹಿಡಿಯಿರಿ. ನಿರಂತರತೆಯ ಶೇಷಕ್ಕೆ ಒಳಗಿನ ನಾಲ್ಕು ಚೌಕಗಳ ಸರಾಸರಿ. ಈ ತೂಕಗಳಲ್ಲಿ ಗೋಡೆಯ ಮೇಲಿನ ಬಿಂದು ಎಲ್ಲೂ ಬರುವುದಿಲ್ಲ, ಹಾಗಾಗಿ ಗೋಡೆಗೆ ಬೇರೆ ಸಾಲು ಬರೆಯುವ ತಲೆನೋವಿಲ್ಲ.

ಏರಿಸುವಾಗ ಅಡ್ಡ ವೇಗಕ್ಕೆ: ಒರಟು ಬದಿಯ ಮೇಲಿನ ಬಿಂದುಗಳಿಗೆ ಹತ್ತಿರದ ಬೆಲೆಯ 3/4, ದೂರದ್ದರ 1/4. ಎರಡು ಬದಿಗಳ ನಡುವಿನ ಬಿಂದುಗಳಿಗೆ 3/8, 3/8, 1/8, 1/8. ಒತ್ತಡಕ್ಕೆ ಒರಟು ಚೌಕದ ಬೆಲೆಯನ್ನೇ ನಾಲ್ಕು ಮರಿಚೌಕಗಳಿಗೂ ಕೊಡಬಹುದು; ಸ್ಟೋಕ್ಸ್ ಸಮೀಕರಣಕ್ಕೆ ಅದು ಸಾಲುತ್ತದೆ.

ಇನ್ನು ಎಲ್ಲರೂ ಬೀಳುವ ಹಳ್ಳ. ಒರಟು ಗ್ರಿಡ್ಡಿನಲ್ಲಿ ನಾವು ಹುಡುಕುವುದು ವೇಗವನ್ನಲ್ಲ, ವೇಗದ ತಿದ್ದುಪಡಿಯನ್ನು. ಗೋಡೆಯ ಮೇಲೆ ವೇಗ ಮೊದಲೇ ಸರಿಯಿದೆ, ತಿದ್ದುವುದಕ್ಕೇನೂ ಇಲ್ಲ. ಆದ್ದರಿಂದ ಒರಟು ಗ್ರಿಡ್ಡುಗಳಲ್ಲಿ ಜಾರದ ಗೋಡೆಗಳೆಲ್ಲದರ ವೇಗವೂ ಸೊನ್ನೆ, ಹುಸಿ ಬಿಂದು = −ಒಳಗಿನ ಬೆಲೆ. ಮುಚ್ಚಳದ ವೇಗ 1 ಎಂಬುದು ಅತಿ ಸೂಕ್ಷ್ಮ ಗ್ರಿಡ್ಡಿನಲ್ಲಿ ಮಾತ್ರ. ಒಂದೇ ಫಂಕ್ಷನ್ನನ್ನು ಎಲ್ಲ ಮಟ್ಟಕ್ಕೂ ಬಳಸುವವರು ಒರಟು ಗ್ರಿಡ್ಡಿನಲ್ಲೂ ಮುಚ್ಚಳವನ್ನು ಓಡಿಸಿಬಿಡುತ್ತಾರೆ. ಆಗ ಪ್ರತಿ ಸುತ್ತಿನಲ್ಲೂ ಹೊಸದೊಂದು ಹರಿವು ಉತ್ತರಕ್ಕೆ ಸೇರುತ್ತಾ ಹೋಗುತ್ತದೆ.

ಇದರ ಜೋಡಿ ತಪ್ಪು: "ಡೈವರ್ಜೆನ್ಸ್ ಸೊನ್ನೆ ತಾನೇ" ಎಂದುಕೊಂಡು ಒರಟು ಗ್ರಿಡ್ಡಿನ ನಿರಂತರತೆಯ ಬಲಪಕ್ಕಕ್ಕೆ ಸೊನ್ನೆ ಹಾಕುವುದು. ಅಲ್ಲಿ ಇರಬೇಕಾದದ್ದು ಇಳಿದು ಬಂದ ಶೇಷ. ಅದು ಸೊನ್ನೆಯಲ್ಲ.

ಪರೀಕ್ಷೆ: ಎಲ್ಲೆಡೆ 1 ತುಂಬಿ ಇಳಿಸಿ, 1 ಬರಬೇಕು. ಓರೆಯಾದ ಸಮತಲವೊಂದನ್ನು ತುಂಬಿ ವೇಗವನ್ನು ಏರಿಸಿ, ಗೋಡೆಯಿಂದ ದೂರದಲ್ಲಿ ಅದೇ ಸಮತಲ ಬರಬೇಕು.

## ಹಂತ 5: ಎರಡೇ ಗ್ರಿಡ್

ನೇರವಾಗಿ ಏಳು ಮಟ್ಟಕ್ಕೆ ಹಾರಬೇಡಿ. 64 ಮತ್ತು 32, ಅಷ್ಟೇ. ಒರಟು ಗ್ರಿಡ್ಡನ್ನು ಹಂತ 2ರ ನೇರ ಪರಿಹಾರಕದಿಂದ ಪೂರ್ತಿಯಾಗಿ ಬಿಡಿಸಿ.

ಮೊದಲು ಸ್ಮೂದರನ್ನು ಆರಿಸಿಟ್ಟು ಒಂದು ಪ್ರಯೋಗ ಮಾಡಿ. ನನ್ನ ಅನುಭವದಲ್ಲಿ ಇಡೀ ಮಾರ್ಗದಲ್ಲಿ ಹೆಚ್ಚು ಸಮಯ ಉಳಿಸಿದ್ದು ಇದೇ. ಬಲ ಸೊನ್ನೆ, ಆರಂಭದ ಊಹೆ ಹಂತ 2ರ ನಯವಾದ ಉತ್ತರ. ಅಂದರೆ ಆ ನಯವಾದ ಉತ್ತರವೇ ಈಗ ದೋಷ. ಶೇಷ ಇಳಿಸಿ, ಬಿಡಿಸಿ, ಏರಿಸಿ, ಒಮ್ಮೆ ಕೂಡಿಸಿ. ಉಳಿದ ವೇಗವನ್ನು ಮೊದಲಿನ ವೇಗದಿಂದ ಭಾಗಿಸಿ ನೋಡಿ.

ಬಹುತೇಕ ಸೊನ್ನೆ ಬಂದರೆ ಎಲ್ಲ ಸರಿ. ಸುಮಾರು 2 ಬಂದರೆ ತಿದ್ದುಪಡಿಯನ್ನು ಕೂಡಿಸುವ ಬದಲು ಕಳೆದಿದ್ದೀರಿ. ಸುಮಾರು 0.75 ಬಂದರೆ ತಿದ್ದುಪಡಿ ಕಾಲು ಭಾಗ ಮಾತ್ರ ಬಂದಿದೆ. ಸಮೀಕರಣವನ್ನು ಅಳತೆಯ ವರ್ಗದಿಂದ ಗುಣಿಸಿ ಬರೆದುಕೊಂಡಿದ್ದೀರಿ, ಒರಟು ಗ್ರಿಡ್ಡಿನಲ್ಲಿ ಅಳತೆ ಇಮ್ಮಡಿಯಾದಾಗ ಬಲಪಕ್ಕವನ್ನು 4ರಿಂದ ಗುಣಿಸುವುದು ಮರೆತಿದ್ದೀರಿ. −3 ಬಂದರೆ ಗುಣಿಸಬೇಕಿಲ್ಲದ ಕಡೆ ಗುಣಿಸಿದ್ದೀರಿ. ಈ ನಾಲ್ಕು ಅಂಕಿಗಳನ್ನು ಗೋಡೆಗೆ ಅಂಟಿಸಿಕೊಂಡರೂ ತಪ್ಪಿಲ್ಲ.

ಈಗ ಪೂರ್ತಿ ಸುತ್ತು: ಎರಡು ಸಲ ಸ್ಮೂದರ್, ಶೇಷ, ಇಳಿಕೆ, ಒರಟು ಪರಿಹಾರ, ಏರಿಕೆ, ಕೂಡಿಸುವುದು, ಒತ್ತಡದ ಸರಾಸರಿ ಕಳೆಯುವುದು, ಮತ್ತೆ ಎರಡು ಸಲ ಸ್ಮೂದರ್. ಪ್ರತಿ ಸುತ್ತಿನ ಶೇಷವನ್ನು ಹಿಂದಿನದರಿಂದ ಭಾಗಿಸಿ ಮುದ್ರಿಸಿ. ಸಂವೇಗದ್ದು ಬೇರೆ, ನಿರಂತರತೆಯದ್ದು ಬೇರೆ ಮುದ್ರಿಸಿ. ಎರಡನ್ನೂ ಒಂದೇ ಅಂಕಿಗೆ ಕಲಸಿದರೆ ರೋಗ ಎಲ್ಲಿದೆ ಎಂದು ತಿಳಿಯುವುದಿಲ್ಲ. ಅನುಪಾತ 0.1ರಿಂದ 0.3ರೊಳಗೆ ಇದ್ದರೆ ಮುಂದೆ ಹೋಗಿ.

ಸರಾಸರಿಯ ಬಗ್ಗೆ ಇನ್ನೊಂದು ಮಾತು. ಗೋಡೆಗಳಿಂದ ಮುಚ್ಚಿದ ಪೆಟ್ಟಿಗೆಯಲ್ಲಿ ನಿರಂತರತೆಯ ಬಲಪಕ್ಕದ ಮೊತ್ತ ಸೊನ್ನೆಯಾಗಿರಲೇಬೇಕು, ಇಲ್ಲವಾದರೆ ಉತ್ತರವೇ ಇಲ್ಲ. ನಾಲ್ಕು ಚೌಕಗಳ ಸರಾಸರಿಯಿಂದ ಇಳಿಸಿದಾಗ ಈ ಗುಣ ತಾನಾಗಿ ಉಳಿಯುತ್ತದೆ. ಬೇರೆ ತೂಕ ಬಳಸಿದರೆ ಒರಟು ಗ್ರಿಡ್ಡಿನಲ್ಲಿ ಸರಾಸರಿಯನ್ನು ನೀವೇ ಕಳೆಯಬೇಕು. ಮೊದಲ ನಾಲ್ಕು ಸುತ್ತು ಇಳಿದು ನಿಲ್ಲುವ ಕಾಯಿಲೆಯ ಮೂಲ ಹೆಚ್ಚಾಗಿ ಇದೇ.

## ಹಂತ 6: ವಿ ಸುತ್ತು

ಒರಟು ಗ್ರಿಡ್ಡಿನ ನೇರ ಪರಿಹಾರದ ಜಾಗದಲ್ಲಿ ಅದೇ ಫಂಕ್ಷನ್ನನ್ನು ಮತ್ತೆ ಕರೆಯಿರಿ. ತಳದವರೆಗೆ ಒಮ್ಮೆ ಇಳಿದು ಒಮ್ಮೆ ಏರುವ ಇದೇ ವಿ ಸುತ್ತು. ತಳದ ಗ್ರಿಡ್ 4 × 4 ಇರಲಿ: 12 + 12 + 16 = 40 ಅಜ್ಞಾತಗಳು, ಸರಾಸರಿಯ ಸಾಲು ಸೇರಿ 41 × 41 ಮಾತೃಕೆ. ನೇರವಾಗಿ ಬಿಡಿಸಿ. ಒರಟು ಗ್ರಿಡ್ಡಿನ ತಿದ್ದುಪಡಿಯನ್ನು ಪ್ರತಿ ಸಲವೂ ಸೊನ್ನೆಯಿಂದ ಆರಂಭಿಸಬೇಕು. ಹಿಂದಿನ ಸುತ್ತಿನ ಅಂಕಿಗಳು ಅರೇಯಲ್ಲಿ ಉಳಿದುಕೊಂಡಿರುವುದು ಇಲ್ಲಿನ ಸಾಮಾನ್ಯ ಎಡವಟ್ಟು.

32, 64, 128, 256 ಗ್ರಿಡ್ಡುಗಳಲ್ಲಿ ಓಡಿಸಿ ಅನುಪಾತಗಳನ್ನು ಒಂದರ ಕೆಳಗೊಂದು ಬರೆಯಿರಿ. ಹೆಚ್ಚುಕಡಿಮೆ ಒಂದೇ ಇರಬೇಕು. ಎರಡು ಗ್ರಿಡ್ಡಿನಲ್ಲಿ 0.15 ಇದ್ದದ್ದು ಏಳು ಮಟ್ಟದಲ್ಲಿ 0.5 ಆದರೆ ವಿ ಬದಲು ಡಬ್ಲ್ಯೂ ಸುತ್ತು (ಪ್ರತಿ ಮಟ್ಟದಿಂದಲೂ ಒರಟು ಗ್ರಿಡ್ಡಿಗೆ ಎರಡು ಸಲ ಇಳಿಯುವುದು) ಹಾಕಿ ನೋಡಿ. ಅದರಲ್ಲಿ ಸರಿಹೋದರೆ ಒರಟು ಮಟ್ಟಗಳಲ್ಲಿ ಗೋಡೆಯ ಲೆಕ್ಕ ಕೆಟ್ಟಿರುವ ಸಾಧ್ಯತೆ ಹೆಚ್ಚು, ಯಾಕೆಂದರೆ ಒರಟು ಗ್ರಿಡ್ಡಿನಲ್ಲಿ ಗೋಡೆಯ ಪಕ್ಕದ ಚೌಕಗಳದ್ದೇ ದೊಡ್ಡ ಪಾಲು.

ಖರ್ಚಿನ ಲೆಕ್ಕ ಸರಳ. ಎರಡು ಆಯಾಮದಲ್ಲಿ 1 + 1/4 + 1/16 ಎಂದು ಕೂಡುತ್ತಾ ಹೋದರೆ 4/3 ದಾಟುವುದಿಲ್ಲ. 1024 × 1024 ಗ್ರಿಡ್ಡಿನಲ್ಲಿ ಸುಮಾರು 31 ಲಕ್ಷ ಅಜ್ಞಾತಗಳು, ಒಂದು ಪ್ರತಿಗೆ 25 ಮೆಗಾಬೈಟ್. ಸಾಧಾರಣ ಲ್ಯಾಪ್‌ಟಾಪಿನಲ್ಲೇ ನಡೆಯುತ್ತದೆ.

ತಳದಿಂದ ಆರಂಭಿಸಿ ಪ್ರತಿ ಮಟ್ಟದಲ್ಲೂ ಒಂದೆರಡು ವಿ ಸುತ್ತು ಹಾಕುತ್ತಾ ಮೇಲೇರುವ ಪೂರ್ಣ ಮಲ್ಟಿಗ್ರಿಡ್ಡನ್ನು ಇದರ ನಂತರ ಸೇರಿಸಬಹುದು. ಅಲ್ಲಿ ಏರಿಸುವುದು ತಿದ್ದುಪಡಿಯನ್ನಲ್ಲ, ಉತ್ತರವನ್ನೇ. ಹಾಗಾಗಿ ಮುಚ್ಚಳದ ವೇಗ ಪ್ರತಿ ಮಟ್ಟದಲ್ಲೂ ಬೇಕು, ಏರಿಸುವ ತೂಕವೂ ಹೆಚ್ಚು ನಿಖರವಾಗಿರಬೇಕು. ಎರಡಕ್ಕೂ ಬೇರೆ ಬೇರೆ ಫಂಕ್ಷನ್ ಇಡಿ.

## ಹಂತ 7: ಸ್ನಿಗ್ಧತೆ ಜಾಗದಿಂದ ಜಾಗಕ್ಕೆ ಬದಲಾದಾಗ

ಮ್ಯಾಂಟಲ್ ಲೆಕ್ಕಕ್ಕೆ ಬಂದವರು ಮೊದಲು ಏಕಮಾನ ಬಿಡಿ. ಸ್ನಿಗ್ಧತೆ 10²¹ ಪಾಸ್ಕಲ್ ಸೆಕೆಂಡ್, ವೇಗ ಸೆಕೆಂಡಿಗೆ 10⁻⁹ ಮೀಟರ್ ಆಸುಪಾಸು. ಇವೆರಡನ್ನೂ ಹಾಗೆಯೇ ಒಂದೇ ಮಾತೃಕೆಗೆ ತುರುಕಿದರೆ ನೇರ ಪರಿಹಾರಕವೂ ಕೈಚೆಲ್ಲುತ್ತದೆ. ಎಲ್ಲವನ್ನೂ 1ರ ಆಸುಪಾಸಿಗೆ ತಂದುಕೊಳ್ಳಿ.

ಎರಡನೆಯದಾಗಿ, ಲಾಪ್ಲಾಸಿಯನ್ ಸಾಲದು. ಒತ್ತಬಲದ ಪೂರ್ಣ ರೂಪ ಬರೆಯಬೇಕು. ಎಳೆತದ ಪದಗಳಿಗೆ ಸ್ನಿಗ್ಧತೆ ಚೌಕದ ನಡುವೆ ಬೇಕು, ಜಾರುಬಲದ ಪದಗಳಿಗೆ ಚೌಕದ ಮೂಲೆಯಲ್ಲಿ ಬೇಕು. ಎರಡನ್ನೂ ಒರಟು ಗ್ರಿಡ್ಡಿಗೆ ಸರಾಸರಿ ಮಾಡಿ ಇಳಿಸಬೇಕು. ಸಾಮಾನ್ಯ, ಗುಣೋತ್ತರ, ಹರಾತ್ಮಕ ಮೂರೂ ಸರಾಸರಿ ಪ್ರಯತ್ನಿಸಿ ನೋಡಿ. ಲೆಕ್ಕದಿಂದ ಲೆಕ್ಕಕ್ಕೆ ಗೆಲ್ಲುವುದು ಬದಲಾಗುತ್ತದೆ.

ನೆರೆಯ ಚೌಕಗಳ ನಡುವೆ ಸ್ನಿಗ್ಧತೆ ಸಾವಿರ ಪಟ್ಟು ಜಿಗಿದರೆ ಬರಿಯ ವಿ ಸುತ್ತು ಸೋಲುವ ಸಂಭವ ಹೆಚ್ಚು. ಅಲ್ಲಿ ಹಟ ಹಿಡಿಯಬೇಡಿ. ಮಲ್ಟಿಗ್ರಿಡ್ಡನ್ನು ಪ್ರೀಕಂಡಿಷನರ್ (ಇನ್ನೊಂದು ಪರಿಹಾರಕವನ್ನು ಚುರುಕುಗೊಳಿಸುವ ಸಹಾಯಕ) ಆಗಿ ಇಟ್ಟು ಹೊರಗೆ ಜಿಎಮ್‌ರೆಸ್ ಅಥವಾ ಮಿನ್‌ರೆಸ್ ಎಂಬ, ಸುತ್ತು ಸುತ್ತಾಗಿ ಉತ್ತರ ತಿದ್ದುವ ಪರಿಹಾರಕ ಓಡಿಸಿ. ನಾನು ಮತ್ತೆ ಮೊದಲಿನಿಂದ ಬರೆಯುವುದಾದರೆ ಬದಲಾಗುವ ಸ್ನಿಗ್ಧತೆಗೆ ಈ ದಾರಿಯನ್ನೇ ಹಿಡಿಯುತ್ತೇನೆ: ವೇಗದ ಭಾಗಕ್ಕೆ ಒಂದು ಸಾಧಾರಣ ವಿ ಸುತ್ತು, ಒತ್ತಡದ ಭಾಗಕ್ಕೆ ಶೇಷವನ್ನು ಆಯಾ ಚೌಕದ ಸ್ನಿಗ್ಧತೆಯಿಂದ ಗುಣಿಸುವುದು, ಅಷ್ಟೇ. ಮಿನ್‌ರೆಸ್ ಬಳಸುವುದಾದರೆ ಪ್ರೀಕಂಡಿಷನರ್ ಸಮಮಿತವಾಗಿರಬೇಕು. ಏರಿಸುವ ತೂಕ ಇಳಿಸುವ ತೂಕದ ತಿರುಗುಮುರುಗು (ಟ್ರಾನ್ಸ್‌ಪೋಸ್) ಆಗಿರಬೇಕು, ಇಳಿಯುವಾಗ ಚೌಕಗಳನ್ನು ಒಂದು ದಿಕ್ಕಿನಲ್ಲಿ ಉಜ್ಜಿದರೆ ಏರುವಾಗ ಎದುರು ದಿಕ್ಕಿನಲ್ಲಿ ಉಜ್ಜಬೇಕು. ಹಂತ 4ರಲ್ಲಿ ಕೊಟ್ಟ ಆರು ಬಿಂದುಗಳ ಇಳಿಕೆ ಮತ್ತು 3/4, 1/4ರ ಏರಿಕೆ ಒಂದಕ್ಕೊಂದು ತಿರುಗುಮುರುಗು ಅಲ್ಲ. ವಿ ಸುತ್ತಿಗೆ ಅದು ಪರವಾಗಿಲ್ಲ, ಮಿನ್‌ರೆಸ್‌ಗೆ ನಡೆಯದು.

ಚೌಕಗಳು ಚೌಕವಾಗಿಲ್ಲದೆ ಹತ್ತಕ್ಕೆ ಒಂದರಂತೆ ಉದ್ದವಾಗಿದ್ದರೆ ಒಂದೊಂದೇ ಚೌಕ ಉಜ್ಜುವುದು ಸಾಲದು. ಒತ್ತೊತ್ತಾಗಿರುವ ದಿಕ್ಕಿನ ಇಡೀ ಸಾಲನ್ನು ಒಟ್ಟಿಗೆ ಬಿಡಿಸಬೇಕು.

## ಲಕ್ಷಣ ನೋಡಿ ರೋಗ ಹಿಡಿಯುವುದು

ಅನುಪಾತ 0.98, ಗ್ರಿಡ್ ದೊಡ್ಡದಾದಂತೆ 1ಕ್ಕೆ ಹತ್ತಿರವಾಗುತ್ತಿದೆ: ಒರಟು ಗ್ರಿಡ್ ಏನೂ ಮಾಡುತ್ತಿಲ್ಲ. ಹಂತ 5ರ ಸ್ಮೂದರಿಲ್ಲದ ಪ್ರಯೋಗಕ್ಕೆ ಹಿಂತಿರುಗಿ.

ಸಂವೇಗದ ಶೇಷ ಇಳಿಯುತ್ತಿದೆ, ನಿರಂತರತೆಯದ್ದು ಒಂದು ಅಂಕಿಯಲ್ಲಿ ನಿಂತಿದೆ: ಬಲಪಕ್ಕದ ಮೊತ್ತ ಸೊನ್ನೆಯಿಲ್ಲ. ಗೋಡೆಗಳ ಮೂಲಕ ಒಳಬರುವುದೂ ಹೊರಹೋಗುವುದೂ ಸಮವಾಗಿದೆಯೇ ಎಂದು ಕೂಡಿಸಿ ನೋಡಿ.

ಒತ್ತಡ ಸುತ್ತು ಸುತ್ತಿಗೂ ಒಂದೇ ಪ್ರಮಾಣದಲ್ಲಿ ಎಲ್ಲೆಡೆ ಏರುತ್ತಿದೆ, ವೇಗ ಸರಿಯಿದೆ: ಸರಾಸರಿ ಕಳೆದಿಲ್ಲ. ಉತ್ತರಕ್ಕೆ ಹಾನಿಯಿಲ್ಲ, ಆದರೆ ಕಳೆಯಿರಿ.

32ರಲ್ಲಿ ಓಡಿ 256ರಲ್ಲಿ ಸಿಡಿಯುತ್ತದೆ: ಶೇಷದ ಅಂಕಿ ಬಿಟ್ಟು ಶೇಷದ ಚಿತ್ರ ಬಿಡಿಸಿ. ಒಂದು ಗೋಡೆಯ ಪಕ್ಕದಲ್ಲೋ ಮೂಲೆಯಲ್ಲೋ ಕೆಂಪು ಗೆರೆ ಎದ್ದು ಕಾಣುತ್ತದೆ. ಅಂಕಿ ನೋಡುತ್ತಾ ಒಂದು ವಾರ ಕಳೆಯುವ ಬದಲು ಚಿತ್ರ ಹತ್ತು ನಿಮಿಷದಲ್ಲಿ ಹೇಳುತ್ತದೆ.

ಶೇಷ 256ರ ಗ್ರಿಡ್ಡಿನಲ್ಲಿ 10⁻¹¹ರ ಹತ್ತಿರ ಬಂದು ನಿಂತಿತು: ಇದು ರೋಗವಲ್ಲ. ಅಳತೆಯ ವರ್ಗದಿಂದ ಭಾಗಿಸುವಾಗ 65,536ರಿಂದ ಗುಣಿಸಿದಂತಾಗುತ್ತದೆ, ಕರ್ಣದ 4 ಅದರ ಮೇಲೆ. ಹದಿನಾರನೇ ಅಂಕಿಯ ಕೊಸರು ಅಷ್ಟರಮಟ್ಟಿಗೆ ಹಿಗ್ಗಿ ಅಲ್ಲಿ ಕಾಣುತ್ತಿದೆ. ಡ್ಯಾಂಪಿಂಗ್ ತಿರುಚುವುದನ್ನು ನಿಲ್ಲಿಸಿ ಉತ್ತರದ ಚಿತ್ರ ತೆಗೆಯಿರಿ.